ಪಕ್ಕದಲ್ಲಿ ಕೂತ ಕ್ಯಾಮೆರಾ

ಪ್ರತಿ ಅಮಾವಾಸ್ಯೆಯ ಮರುದಿನ ಲೈನ್‌ಮನ್ ಸತ್ಯಪ್ಪ ಏಣಿ ಹೊತ್ತುಕೊಂಡು ನನ್ನ ಹಿಟ್ಟಿನ ಗಿರಣಿಗೆ ಬರುತ್ತಾನೆ. ಕಂಬದಿಂದ ನನ್ನ ಮನೆಗೆ ಎಳೆದ ತಂತಿ ಆ ಹೊತ್ತಿಗೆ ಬಿಗಿದು ಈಗಲೋ ಆಗಲೋ ಎಂಬಂತೆ ನಿಂತಿರುತ್ತದೆ. ಅವನು ಬೈದುಕೊಳ್ಳುತ್ತಲೇ ಮೇಲೆ ಹತ್ತಿ ಒಂದು ಗೇಣು ತಂತಿ ಜೋಡಿಸುತ್ತಾನೆ, ಇಳಿದು ಚಹಾ ಕುಡಿಯುತ್ತಾನೆ, ಮುಂದಿನ ಮನೆಗೆ ಹೋಗುತ್ತಾನೆ. ಕಂಬ ಊರಿನದು, ನಿಂತಲ್ಲೇ ನಿಂತಿರುತ್ತದೆ. ಮನೆ ನಮ್ಮದು, ಅಷ್ಟರಲ್ಲಿ ಪೂರ್ವಕ್ಕೆ ಒಂದು ಗೇಣು ಸರಿದಿರುತ್ತದೆ.

ನಾನು ಶಾವಂತ್ರೆವ್ವ. ನಮ್ಮ ಎಂಬತ್ತೆರಡು ಮನೆಗಳಿಗೆ ಊರಿನವರು ‘ಪ್ಲಾಟು’ ಅನ್ನುತ್ತಾರೆ, ನಮಗೆ ‘ಪ್ಲಾಟಿನ ಮಂದಿ’ ಅನ್ನುತ್ತಾರೆ. ಹನ್ನೊಂದು ವರ್ಷದ ಹಿಂದೆ ನಮ್ಮನ್ನು ಲಾರಿಗಳಲ್ಲಿ ತಂದು ಇಲ್ಲಿ ಇಳಿಸಿದರು. ನಮ್ಮ ಹಳೆಯ ಊರು ಇಲ್ಲಿಂದ ಪೂರ್ವಕ್ಕೆ ಒಂಬತ್ತು ಮೈಲಿ, ಕರಿಗುಡ್ಡದ ಆಚೆ. ಈಗ ಅಲ್ಲಿ ವಿಮಾನಗಳು ಇಳಿಯುತ್ತವೆ. ನಾವು ಬಂದ ಮೊದಲ ಅಮಾವಾಸ್ಯೆಗೇ ಮನೆಗಳು ಹೊರಟವು. ಅಂಗನವಾಡಿಯ ಕಸ್ತೂರಿ ಲೆಕ್ಕ ಹಾಕಿ, ಹೀಗೇ ನಡೆದರೆ ಹಳೆಯ ಊರು ಮುಟ್ಟಲು ಐದು ಸಾವಿರದ ಇನ್ನೂರ ಎಂಬತ್ತು ವರ್ಷ ಬೇಕು ಅಂದಳು. ನಮ್ಮಲ್ಲೆಲ್ಲ ಹಿರಿಯಳಾದ ದುಂಡವ್ವಾಯಿ, ಎಂಬತ್ತು ದಾಟಿದವಳು, ಅದನ್ನು ಕೇಳಿ, “ಆಗಲಿ ಬಿಡವ್ವಾ, ನನಗೇನೂ ಅವಸರ ಇಲ್ಲ” ಅಂದಳು.

ಮನೆ ಸರಿಯುವುದಕ್ಕೆ ಹೊಂದಿಕೊಳ್ಳುವುದು ಅಂಥ ಕಷ್ಟವೇನಲ್ಲ. ನಲ್ಲಿಗೆ ರಬ್ಬರ್ ಪೈಪು ಹಾಕಿ ಐದಾರು ಸುತ್ತು ಹೆಚ್ಚಿಗೆ ಬಿಟ್ಟಿರುತ್ತೇವೆ. ಗಿಡಗಳದ್ದೇ ಸ್ವಲ್ಪ ತಕರಾರು. ಮನೆ ಹೋಗುತ್ತದೆ, ಗಿಡ ಬರುವುದಿಲ್ಲ. ಮುಂದಿನ ಸಾಲಿನವರು ಮನೆಯ ಬದಿಗೆ ನುಗ್ಗೆ ಹಚ್ಚಿದರೆ ಅದು ಕಾಯಿ ಬಿಡುವಷ್ಟರಲ್ಲಿ ಹಿತ್ತಲಿಗೆ ಹೋಗಿರುತ್ತದೆ, ಇನ್ನೊಂದಿಷ್ಟು ವರ್ಷಕ್ಕೆ ಹಿಂದಿನ ಸಾಲಿನವರ ಅಡಿಗೆಮನೆಯ ಕಿಟಕಿಗೆ ಬಂದಿರುತ್ತದೆ. ಹೀಗಾಗಿ ಕೊನೆಯ ಸಾಲಿನವರು ಏನನ್ನೂ ಹಚ್ಚದೆ ಕರಿಬೇವು, ಲಿಂಬೆ, ನುಗ್ಗೆ ಎಲ್ಲವನ್ನೂ ತಿನ್ನುತ್ತಾರೆ. ಮೊದಮೊದಲು ಇದರ ಮೇಲೆ ಜಗಳವಾಗುತ್ತಿತ್ತು. ಈಗ ಮುಂದಿನ ಸಾಲಿನವರು ಗಿಡ ಹಚ್ಚುವಾಗಲೇ ಹಿಂದಿನವರನ್ನು ಕರೆದು, ನಿಮಗೆ ಯಾವುದು ಬೇಕು ಅಂತ ಕೇಳುತ್ತಾರೆ.

ವಿಮಾನಗಳಿಗೂ ಹೊಂದಿಕೊಂಡೆವು. ನಮ್ಮಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ. ಹತ್ತೂವರೆಯ ವಿಮಾನ ಗುಡ್ಡದ ಆಚೆ ಇಳಿದರೆ ‘ದುಂಡವ್ವಾಯಿಯ ಶೇಂಗಾ ಹೊಲದಾಗ ಇಳೀತು, ಅನ್ನಕ್ಕೆ ಇಡ್ರಿ’ ಅನ್ನುತ್ತೇವೆ. ಸಂಜೆಯದು ನಮ್ಮ ಭಾವಿಯ ಹತ್ತಿರ ಇಳಿಯುತ್ತದೆ, ದೀಪ ಹಚ್ಚುವ ಹೊತ್ತಿಗೆ.

ಹೊಂದಿಕೊಳ್ಳದವರು ಪುನರ್ವಸತಿ ಕಚೇರಿಯವರು. ನಮ್ಮ ಮುಂದಿನ ಸಾಲಿನ ಎದುರಿಗೆ ಅವರೊಂದು ಹೊಸ ರಸ್ತೆಯ ನಕ್ಷೆ ಬರೆದಿದ್ದರು. ನೂರು ಅಡಿ ಸರಿದು ಬಂದ ನಮ್ಮ ಮನೆಗಳು ಆ ನಕ್ಷೆಯ ಗೆರೆಗೆ ತಾಗಿದ್ದವು. ಕೊಟ್ಟ ಜಾಗದಲ್ಲಿ ಮನೆ ಇಲ್ಲ, ಆದ್ದರಿಂದ ಹಕ್ಕುಪತ್ರವೂ ಇಲ್ಲ ಅಂದರು. ನಿವಾಸಿಗಳು ತಮ್ಮ ಮನೆಗಳನ್ನು ತಾವೇ ನಿಲ್ಲಿಸಿಕೊಳ್ಳತಕ್ಕದ್ದು ಅಂತ ಮೂರು ಸಲ ನೋಟೀಸು ಅಂಟಿಸಿದರು. ಕೊನೆಗೆ ಊರಿನ ಪಡುವಣ ತುದಿಯ ನಾಲ್ಕಂತಸ್ತಿನ ಕಟ್ಟಡಕ್ಕೆ ನಮ್ಮನ್ನು ಸಾಗಿಸುವುದೆಂದು ನಿಶ್ಚಯಿಸಿದರು. ಆ ಕಟ್ಟಡದಲ್ಲಿ ಆಗಲೇ ಗಣಿಗಾಗಿ ಊರು ಬಿಟ್ಟು ಬಂದ ದಕ್ಷಿಣದವರಿದ್ದರು, ಕಾಡಿನಿಂದ ಎಬ್ಬಿಸಿ ತಂದ ಉತ್ತರದವರಿದ್ದರು. ದಿಕ್ಕುದಿಕ್ಕಿನ ಮಂದಿಯನ್ನು ಒಂದೇ ಕಟ್ಟಡದಲ್ಲಿ ಬೆರೆಸಿದರೆ ಅದು ಯಾವ ಕಡೆಗೂ ಹೋಗಲಾರದು ಎಂಬುದು ಕಚೇರಿಯ ವಿಚಾರ. ಅಲ್ಲಿಗೆ ಹಿಟ್ಟು ಕೊಡಲು ನಾನೊಮ್ಮೆ ಹೋಗಿದ್ದೆ. ಕಟ್ಟಡ ನಿಂತಲ್ಲೇ ಇತ್ತು, ಆದರೆ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದ ಕೈಗೆ ಅದರ ಸಣ್ಣ ನಡುಕ ತಾಗುತ್ತಿತ್ತು. ಒಳಗಿನ ಮಂದಿ ಕಿಟಕಿ ಮುಚ್ಚಿಕೊಂಡು ಕೂತಿದ್ದರು.

ನಮ್ಮ ಅಹವಾಲು ಕೇಳಲು ವಿಚಾರಣೆಗಳು ಆಗದೆ ಇರಲಿಲ್ಲ. ಮೂರು ಸಲ ಕರೆದರು. ಕಚೇರಿಯ ಇನಾಂದಾರ ಸಾಹೇಬರು ಮೇಜಿನ ಆಚೆ ಕೂತು, ಒಬ್ಬೊಬ್ಬರನ್ನೇ ಎದುರಿಗೆ ನಿಲ್ಲಿಸಿ, ನೇರ ಮುಖ ನೋಡಿ, “ಹೇಳ್ರಿ, ನಿಮಗೇನು ತ್ರಾಸ?” ಅಂದರು. ಒರಟು ಮನುಷ್ಯರಲ್ಲ, ಮೆತ್ತಗೇ ಕೇಳಿದರು. ಆದರೂ ನಮ್ಮವರ ಬಾಯಿ ಕಟ್ಟಿತು. ಗಿರಣಿಯ ಗದ್ದಲವನ್ನೂ ಮೀರಿ ಮಾತಾಡುವ ನಾನು, ‘ಏನಿಲ್ರಿ’ ಅಂದು ಬಂದೆ. ಮೂರು ವಿಚಾರಣೆಯ ಕಡತದಲ್ಲೂ ನಮ್ಮೆಲ್ಲರ ಹೆಸರಿನ ಮುಂದೆ ‘ಹೇಳಿಕೆ ಇಲ್ಲ’ ಎಂದೇ ಬರೆದಿತ್ತು. ನಾಲ್ಕನೆಯದು ಕೊನೆಯದು ಅಂತ ತಿಳಿಸಿದರು. ಅದಕ್ಕೆ ಎರಡು ತಿಂಗಳಿತ್ತು.

ಆಗ ಬಂದವರು ಊರ ಕಾಲೇಜಿನ ಚೌಗಲೆ ಸರ್, ಅವರ ಜೊತೆ ಎಂಟು ಜನ ವಿದ್ಯಾರ್ಥಿಗಳು, ಮೂರು ಕ್ಯಾಮೆರಾ. ಸಿನಿಮಾ ತೆಗೆಯುತ್ತಾರೆ ಅಂತ ಸುದ್ದಿಯಾದದ್ದೇ ನಾನು ಪೆಟ್ಟಿಗೆಯ ತಳದಿಂದ ಇಳಕಲ್ ಸೀರೆ ತೆಗೆದು ಉಟ್ಟುಕೊಂಡೆ. ಸುಳ್ಳು ಯಾಕೆ ಹೇಳಲಿ, ಮುಖಕ್ಕೆ ಪೌಡರನ್ನೂ ಹಚ್ಚಿಕೊಂಡೆ. ಹಿಟ್ಟಿನ ಗಿರಣಿಯವಳಿಗೆ ಪೌಡರು ಬೇರೆ ಯಾಕೆ ಅಂತ ಕ್ಷೌರದ ಯಮನಪ್ಪ ನಕ್ಕ. ಆದರೆ ಚೌಗಲೆ ಸರ್ ಕ್ಯಾಮೆರಾವನ್ನು ನನ್ನ ಮುಖಕ್ಕೆ ಹಿಡಿಯಲಿಲ್ಲ, ನನ್ನ ಕೈಗೆ ಕೊಟ್ಟರು.

“ನಾವು ತಗಿಯೂದಿಲ್ರಿ, ನೀವೇ ತಗೀರಿ,” ಅಂದರು. “ನಿಮ್ಮ ಸಿನಿಮಾ ಇದು. ಹುಡುಗ್ರು ಕಲಿಸಿಕೊಡ್ತಾರ, ಆಮ್ಯಾಲೆ ನೀವು ತಗದದ್ದನ್ನ ಜೋಡಸ್ತಾರ. ವಿಚಾರಣಿ ದಿನ ಅದನ್ನ ತೋರ್ಸೂನು. ಬಾಯಿ ಕಟ್ಟಿದ್ರೂ ಚಿಂತಿಲ್ಲ, ಅದು ಮಾತಾಡ್ತದ.”

ಕ್ಯಾಮೆರಾ ನನಗೆ, ಯಮನಪ್ಪನಿಗೆ, ಕಸ್ತೂರಿಗೆ ಬಂದವು. ನನಗೆ ಕಲಿಸಿದವಳು ರುಕ್ಸಾನಾ. ಸಣಕಲು ಹುಡುಗಿ, ಮಾತು ಕಡಿಮೆ, ಕೈ ಚುರುಕು. ಕ್ಯಾಮೆರಾಕ್ಕೆ ಹಿಟ್ಟು ತಾಗಿದಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು. ದಿನಾ ಸಂಜೆ ಬಂದು ಕುಂಚದಿಂದ ಅದರ ಕಣ್ಣು ಒರೆಸಿ, “ಕಾಕೂ, ಒಂದೀಟು ಅರಿವಿ ಸುತ್ತಿ ಇಡ್ರಿ” ಅನ್ನುತ್ತಿದ್ದಳು. ನಾನು ಜೋಳದ ಹಿಟ್ಟು ಯಾರಿಗೂ ಕೇಡು ಮಾಡಿಲ್ಲ ಅನ್ನುತ್ತಿದ್ದೆ. ಮೂರು ಕ್ಯಾಮೆರಾಗಳೂ ನನ್ನ ಗಿರಣಿಯಲ್ಲೇ ಚಾರ್ಜ್ ಆಗುತ್ತಿದ್ದುದರಿಂದ ನಾನೇ ಡೈರೆಕ್ಟರ್ ಅಂತ ನನಗೆ ನಾನೇ ತೀರ್ಮಾನಿಸಿಕೊಂಡಿದ್ದೆ.

ಒಂದು ತಿಂಗಳು ತೆಗೆದೆವು. ಅಷ್ಟು ಮಾತು ನಮ್ಮ ಮಂದಿಯ ಒಳಗಿತ್ತು ಅನ್ನುವುದು ನನಗೇ ಗೊತ್ತಿರಲಿಲ್ಲ. ಸಾಹೇಬರ ಮುಂದೆ ‘ಏನಿಲ್ರಿ’ ಅಂದವರು ಕಟ್ಟೆಯ ಮೇಲೆ, ಒಲೆಯ ಮುಂದೆ, ಹಿತ್ತಲ ಕಲ್ಲಿನ ಮೇಲೆ ಕೂತು ತಾಸುಗಟ್ಟಲೆ ಮಾತಾಡಿದರು. ನಾನು ಕ್ಯಾಮೆರಾವನ್ನು ತೊಡೆಯ ಮೇಲೆ ಇಟ್ಟುಕೊಂಡು ಪಕ್ಕದಲ್ಲಿ ಕೂರುತ್ತಿದ್ದೆ. ಕಸ್ತೂರಿ ನನ್ನ ಪಕ್ಕ ಕೂತಾಗ ನಾನೂ ಒಂದು ಮಾತು ಹೇಳಿದೆ. ಎಂಟು ವರ್ಷ ಯಾರಿಗೂ ಹೇಳದ್ದು.

ವಿಚಾರಣೆಗೆ ಹನ್ನೆರಡು ದಿನ ಇರುವಾಗ ಕಾಲೇಜಿನ ಕೋಣೆಯಲ್ಲಿ ಪರದೆ ಕಟ್ಟಿ ನಾವು ತೆಗೆದದ್ದನ್ನೆಲ್ಲ ಹಾಕಿದರು. ನಾನು ಮತ್ತೆ ಇಳಕಲ್ ಸೀರೆಯಲ್ಲಿದ್ದೆ. ಪರದೆಯ ಮೇಲೆ ಆಕಾಶ ಬಂತು, ಆಕಾಶದ ತುದಿಗೆ ಕರಿಗುಡ್ಡ. ದುಂಡವ್ವಾಯಿ ಮಾತಾಡಿದಳು. ಹತ್ತು ನಿಮಿಷ ಮಾತಾಡಿದಳು, ಗುಡ್ಡ ಹಾಗೇ ಇತ್ತು. ಆಮೇಲೆ ಒಂದು ಗೋಡೆ, ಒಬ್ಬ ಗಂಡಸಿನ ಮಾತು. ಆಮೇಲೆ ಒಲೆಯ ಬೂದಿ, ಒಬ್ಬ ಹೆಣ್ಣುಮಗಳ ಮಾತು. ವಿದ್ಯಾರ್ಥಿಗಳು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಒಂದು ತಾಸಾದರೂ ಪರದೆಯ ಮೇಲೆ ಒಂದೇ ಒಂದು ಮುಖ ಬರಲಿಲ್ಲ.

ರುಕ್ಸಾನಾ ಎದ್ದು ಸಿನಿಮಾ ನಿಲ್ಲಿಸಿದಳು. “ಕಾಕೂ, ಇದರಾಗ ಮಂದಿ ಎಲ್ಲೆದಾರ?”

“ಮಾತು ಕೇಳವಲ್ದೇನವ್ವಾ?”

“ಮಾತು ಕೇಳ್ತದ. ಮುಖ ಎಲ್ಲಿ?”

“ಮುಖ ಯಾಕ ಬೇಕು? ಆಯಿ ಗುಡ್ಡ ನೋಡ್ಕೋಂತ ಮಾತಾಡಿದ್ಲು. ನಾನೂ ಗುಡ್ಡ ನೋಡಿದೆ. ನಿನ್ನ ಕ್ಯಾಮೆರಾನೂ ನೋಡ್ತು.”

ಹಾಗೆ ಹೇಳಿದ ಮೇಲೆಯೇ ನನಗೂ ಹೊಳೆಯಿತು. ನಮ್ಮಲ್ಲಿ ನೋವಿನ ಮಾತು ಆಡುವವರ ಮುಖ ಯಾರೂ ನೋಡುವುದಿಲ್ಲ. ಪಕ್ಕದಲ್ಲಿ ಕೂರುತ್ತೇವೆ, ಅವರು ಎತ್ತ ನೋಡುತ್ತಾರೋ ಅತ್ತಲೇ ನೋಡುತ್ತೇವೆ. ಎದುರಿಗೆ ಕೂತು ಮುಖ ನೋಡುವವರು ಹೆಣ್ಣು ನೋಡಲು ಬಂದವರು, ಇಲ್ಲವೆ ಪೊಲೀಸರು. ಇದನ್ನು ನಮಗೆ ಯಾರೂ ಕಲಿಸಿರಲಿಲ್ಲ, ಹಾಗಾಗಿ ಹೇಳಬೇಕು ಅಂತಲೂ ಯಾರಿಗೂ ತೋಚಿರಲಿಲ್ಲ. ಮೂರು ಕ್ಯಾಮೆರಾ ಮೂರು ಕೈಗೆ ಕೊಟ್ಟರೂ ಮೂವರೂ ಒಂದೇ ತಪ್ಪು ಮಾಡಿದ್ದೆವು.

ವಿದ್ಯಾರ್ಥಿಗಳಲ್ಲಿ ಚರ್ಚೆ ಎದ್ದಿತು. ಹೀಗೇ ತೋರಿಸಿದರೆ ಕಚೇರಿಯವರು ಎತ್ತಿ ಬಿಸಾಡುತ್ತಾರೆ, ಇನ್ನೂ ಹನ್ನೆರಡು ದಿನ ಇದೆ, ಮುಖಗಳನ್ನು ಮತ್ತೆ ತೆಗೆಯೋಣ ಅಂದರು. ಚೌಗಲೆ ಸರ್ ನನ್ನ ಕಡೆ ತಿರುಗಿ, “ನೀವೇನಂತೀರಿ?” ಅಂದರು. ನಾನು ಬೇಡ ಅನ್ನಬೇಕಿತ್ತು. ಆದರೆ ಸೀರೆ ಉಟ್ಟು ಎರಡು ಸಲ ಬಂದಿದ್ದೇನೆ, ಪರದೆಯ ಮೇಲೆ ನನ್ನ ಸೆರಗಿನ ತುದಿಯೂ ಬಂದಿಲ್ಲ. “ತಗೀರಿ, ಮುಖ ಇದ್ರ ಚಲೋ” ಅಂದುಬಿಟ್ಟೆ. ದುಂಡವ್ವಾಯಿಯನ್ನು ಒಪ್ಪಿಸುವ ಕೆಲಸವನ್ನೂ ನಾನೇ ಹೊತ್ತುಕೊಂಡೆ. ಅವಳು, “ಹೇಳಿದ್ದನ್ನ ಮತ್ಯಾಕ ಹೇಳೂದು?” ಅಂದಳು. ನಾನು ಗದರಿಸಿ ಒಪ್ಪಿಸಿದೆ.

ಮರುದಿನ ಬೆಳಿಗ್ಗೆ ಅವಳನ್ನು ಕುರ್ಚಿಯ ಮೇಲೆ ಕೂರಿಸಿದರು. ಮುಖದ ಮೇಲೆ ಬೆಳಕು ಬೀಳಲೆಂದು ಒಂದು ಬಿಳಿ ಹಲಗೆ ಹಿಡಿದರು. ಎದುರಿಗೆ ಮೂರು ಕಾಲಿನ ಸ್ಟ್ಯಾಂಡ್, ಅದರ ಹಿಂದೆ ರುಕ್ಸಾನಾ. “ಆಯಿ, ಊರು ಬಿಟ್ಟ ದಿನದ್ದು ಹೇಳ್ರಿ” ಅಂದಳು. ಮೆತ್ತಗೇ ಅಂದಳು.

ದುಂಡವ್ವಾಯಿ ಕ್ಯಾಮೆರಾ ನೋಡಿದಳು, ಹಲಗೆ ನೋಡಿದಳು, ನನ್ನ ಕಡೆ ನೋಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎರಡೂ ಕೈ ಮಡಿಲಲ್ಲಿ ಜೋಡಿಸಿಟ್ಟುಕೊಂಡಳು. ಆಮೇಲೆ ಕೇಳಿದಳು:

“ನಾ ಏನು ತಪ್ಪು ಮಾಡೀನವ್ವಾ?”

ನನ್ನ ಸೀರೆಗೆ, ನನ್ನ ಪೌಡರಿಗೆ ಬೆಂಕಿ ಬೀಳಲಿ ಅನ್ನಿಸಿತು. ಎಂಬತ್ತು ದಾಟಿದ ಜೀವವನ್ನು ನಾನೇ ಕೈಹಿಡಿದು ಕರೆತಂದು ಕಟಕಟೆಯಲ್ಲಿ ನಿಲ್ಲಿಸಿದ್ದೆ.

ರುಕ್ಸಾನಾ ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಬಿಚ್ಚಿದಳು. ಹಲಗೆ ಹಿಡಿದವನಿಗೆ ಕೈಸನ್ನೆ ಮಾಡಿ ಕಳಿಸಿದಳು. ಆಯಿಯನ್ನು ಕುರ್ಚಿಯಿಂದ ಇಳಿಸಿ ಕಟ್ಟೆಯ ಮೇಲೆ ಕೂರಿಸಿ ತಾನು ಬಲಕ್ಕೆ ಕೂತಳು. ಇಬ್ಬರೂ ಗುಡ್ಡದ ಕಡೆ ನೋಡುತ್ತ ಕೂತರು. ಅವಳು ಏನನ್ನೂ ಕೇಳಲಿಲ್ಲ. ಆ ಹುಡುಗಿಯೇ ಮೊದಲು ಮಾತಾಡಿದಳು.

“ನಮ್ಮ ಅಮ್ಮಿ ತೀರಿಕೊಂಡಾಗ ಬಂದವರೆಲ್ಲ ನನ್ನ ಮುಖಾನೇ ನೋಡಾಕತ್ತಿದ್ರು ಆಯಿ. ಅಳ್ತಾಳೋ ಇಲ್ಲೋ ಅಂತ. ನನಗ ಅಳಾಕ ಬರಲೇ ಇಲ್ಲ.”

ದುಂಡವ್ವಾಯಿ ಅವಳ ಕಡೆ ತಿರುಗಲಿಲ್ಲ. “ಈಗ ಅಳು,” ಅಂದಳು. “ಯಾರೂ ನೋಡಾಕತ್ತಿಲ್ಲ.”

ಹುಡುಗಿ ಅತ್ತಳು. ಆಮೇಲೆ ಆಯಿ ತಾನಾಗಿಯೇ ಹೇಳಿದಳು, ಮೊದಲ ಸಲ ನನಗೆ ಹೇಳದೆ ಬಿಟ್ಟದ್ದನ್ನೂ ಸೇರಿಸಿ. “ಲಾರಿ ಬಂದಾಗ ಶೇಂಗಾ ಹೂ ಬಿಟ್ಟಿತ್ತವ್ವಾ. ಹೂವಿನ ಕಡ್ಡಿ ಮಣ್ಣಿಗಿಳಿಯೂ ಹೊತ್ತು ಅದು. ಕಾಯಿ ಕಟ್ಟೂತನಕ ತಡೀರಪ್ಪಾ ಅಂದೆ. ಯಾರು ತಡೀತಾರ? ಅದರ ಮ್ಯಾಲೇ ಟಾರು ಹಾಕಿದ್ರು. ನನ್ನ ಬೆಳಿ ಒಳಗೇ ಐತಿ. ಬಿತ್ತಿದಾಕಿ ನಾನು, ಕಿತ್ತಕೊಳ್ಳಾಕ ನಾನೇ ಹೋಗಬೇಕಲ್ಲ. ಅದಕ್ಕ ಮನಿ ನಡಿಯಾಕತ್ತೈತಿ, ನಡೀಲಿ. ನಿಂದರಸಬ್ಯಾಡ್ರಿ.” ರುಕ್ಸಾನಾಳ ತೊಡೆಯ ಮೇಲಿದ್ದ ಕ್ಯಾಮೆರಾ ಗುಡ್ಡವನ್ನು ನೋಡುತ್ತಿತ್ತು. ಕೆಂಪು ದೀಪ ಉರಿಯುತ್ತಿತ್ತು.

ಅಂದು ಮಧ್ಯಾಹ್ನ ನಾನು ಆಯಿಯ ಮನೆಗೆ ಹೋಗಿ ಪಕ್ಕದಲ್ಲಿ ಕೂತೆ. ತಪ್ಪಾಯ್ತು ಅಂದೆ. ಅವಳು, “ಸೀರಿ ಚಲೋ ಒಪ್ಪತೈತಿ ನಿನಗ” ಅಂದಳು. ಅಷ್ಟಕ್ಕೇ ನನ್ನ ತಪ್ಪು ಮುಗಿಯಿತು. ಆ ಮುದುಕಿಯ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ.

ಮುಖ ತೆಗೆಯುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ರುಕ್ಸಾನಾ ಹತ್ತು ದಿನ ಕಾಲೇಜಿನ ಕೋಣೆಯಲ್ಲಿ ಕೂತು ಎಲ್ಲವನ್ನೂ ಇಪ್ಪತ್ತು ನಿಮಿಷಕ್ಕೆ ಇಳಿಸಿದಳು. ನಾನು, ಯಮನಪ್ಪ, ಕಸ್ತೂರಿ ಸರದಿಯ ಮೇಲೆ ಅವಳ ಪಕ್ಕ ಕೂತೆವು. ಇದನ್ನು ಇಡಲಾ, ಇದನ್ನು ಬಿಡಲಾ ಅಂತ ಪ್ರತಿಯೊಂದಕ್ಕೂ ಕೇಳಿದಳು. ನನ್ನ ಮಾತು ಬಂದಾಗ, “ಕಾಕೂ, ಇದು ನಿಮ್ಮದು, ಬ್ಯಾಡಂದ್ರ ತಗದ್ಬಿಡ್ತೀನಿ” ಅಂದಳು. ಇರಲಿ ಅಂದೆ. ಹಾಗೆ ಕೇಳುವವರು ನನ್ನ ಬಾಳಿನಲ್ಲಿ ಎಷ್ಟು ಜನ ಬಂದಾರು?

ವಿಚಾರಣೆಯ ದಿನ ಕಚೇರಿಯ ಸಭಾಂಗಣಕ್ಕೆ ಮನೆಗೆ ಒಬ್ಬರಂತೆ ಹೋದೆವು. ಒಂದು ಕಡೆ ಉದ್ದ ಮೇಜು, ಅದರ ಆಚೆ ಇನಾಂದಾರ ಸಾಹೇಬರು, ಗುಮಾಸ್ತ. ಈಚೆ ನಮ್ಮ ಕುರ್ಚಿಗಳು, ಸಾಹೇಬರಿಗೆ ಎದುರಾಗಿ. ಪರದೆಯನ್ನು ನಮ್ಮ ಬೆನ್ನ ಹಿಂದಿನ ಗೋಡೆಗೆ ಕಟ್ಟಿದ್ದರು, ಸಾಹೇಬರಿಗೆ ಕಾಣಲೆಂದು. ಸಿನಿಮಾ ಶುರುವಾಯಿತು. ಸಾಹೇಬರು ಪರದೆ ನೋಡಿದರು, ನಾವು ಸಾಹೇಬರ ಮುಖ ನೋಡಿದೆವು. ಮೂರು ನಿಮಿಷವಾಗಿರಲಿಕ್ಕಿಲ್ಲ, ಕೈ ಎತ್ತಿದರು.

“ನಿಲ್ಲಸ್ರಿ. ಗುಡ್ಡ ಕಾಣಸ್ತದ, ಗ್ವಾಡಿ ಕಾಣಸ್ತದ. ಮಾತಾಡಿದವರು ಯಾರು? ಮುಖ ಇಲ್ಲದ ಹೇಳಿಕಿ ನಾ ಕಡತದಾಗ ಹೆಂಗ ತಗೊಳ್ಳಲಿ? ನಾಳೆ ಮ್ಯಾಲಿನವರು ಕೇಳಿದ್ರ ಏನು ಹೇಳಲಿ?”

ಚೌಗಲೆ ಸರ್ ಏನೋ ವಿವರಿಸಲು ಹೋದರು. “ನೀವು ಪ್ಲಾಟಿನವರಲ್ಲ, ಅವರು ಹೇಳಲಿ” ಅಂದರು ಸಾಹೇಬರು. ಅದೂ ಸರಿಯೇ. ನಾನು ಎದ್ದು ನಿಂತೆ. ಅವರು ನನ್ನ ಮುಖ ನೋಡಿದರು. ನಾಲಿಗೆ ಅಂಗುಳಕ್ಕೆ ಅಂಟಿತು, ಮೂರು ಸಲ ಅಂಟಿದ ಹಾಗೆಯೇ. ಗುಮಾಸ್ತ ಪೆನ್ನು ತೆರೆದ. ‘ಹೇಳಿಕೆ ಇಲ್ಲ’ ಎಂಬ ಎರಡು ಶಬ್ದ ಇನ್ನೊಮ್ಮೆ ಬರೆದರೆ ಮುಗಿಯಿತು, ಕಿಟಕಿ ಮುಚ್ಚಿದ ಆ ಕಟ್ಟಡದಲ್ಲಿ ಮೆಟ್ಟಿಲು ಹತ್ತುವುದೇ ನಮ್ಮ ಪಾಲಿಗೆ ಅಂತ ನನಗೆ ಗೊತ್ತಿತ್ತು.

ಆಗ ಕುರ್ಚಿ ಎಳೆದ ಸದ್ದಾಯಿತು. ದುಂಡವ್ವಾಯಿ ಎದ್ದು, ತನ್ನ ಕುರ್ಚಿಯನ್ನು ಎರಡೂ ಕೈಯಿಂದ ಎಳೆದುಕೊಂಡು, ಮೇಜು ಸುತ್ತಿ ಆಚೆ ಹೋಗುತ್ತಿದ್ದಳು. ಜವಾನ ಅಡ್ಡ ಬಂದ. ಅವಳು, “ಸರೀಪಾ” ಅಂದಳು. ಅವನು ಸರಿದ. ಸಾಹೇಬರ ಪಕ್ಕಕ್ಕೆ ಕುರ್ಚಿ ಹಾಕಿಕೊಂಡು, ಅವರು ನೋಡುವ ಕಡೆಗೇ ಮುಖ ಮಾಡಿ ಕೂತಳು.

“ಆ ದನಿ ನಂದ್ರಿ ಸಾಹೇಬ್ರ. ನಾನು ಇಲ್ಲೇ ಕುಂತೀನಿ. ನೀವು ಮುಂದ ನೋಡ್ರಿ.”

ಸಾಹೇಬರು ಅವಳ ಕಡೆ ತಿರುಗಿದರು. ಅವಳು ತಿರುಗಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು. ಆಗ ಅವರೂ ಪರದೆಯ ಕಡೆ ತಿರುಗಿ, “ಮೊದಲಿಂದ ಹಾಕ್ರಿ” ಅಂದರು.

ಗುಡ್ಡ ಬಂತು. ಶೇಂಗಾ ಹೂವಿನ ಮಾತು ಬಂತು. ಅದು ಮುಗಿದು ಗೋಡೆ ಬಂದಾಗ, ಆ ಗೋಡೆಯನ್ನು ನೋಡುತ್ತ ಮಾತಾಡಿದ ಯಮನಪ್ಪ ತನ್ನ ಕುರ್ಚಿ ಎತ್ತಿಕೊಂಡು ಎದ್ದ. “ಇದು ನಂದ್ರಿ” ಅಂದು ಆಯಿಯ ಪಕ್ಕ ಕೂತ. ಒಲೆಯ ಬೂದಿ ಬಂದಾಗ ಆ ಹೆಣ್ಣುಮಗಳು ಹೋದಳು. ಒಂದೊಂದು ದನಿಗೆ ಒಬ್ಬೊಬ್ಬರು ಎದ್ದು ಹೋದರು. ಗುಮಾಸ್ತ ಮೊದಲು ಹೆಸರು ಬರೆದುಕೊಳ್ಳುತ್ತಿದ್ದ, ಆಮೇಲೆ ಬರೆಯುತ್ತಲೇ ತನ್ನ ಕುರ್ಚಿಯನ್ನು ಸರಿಸಿ ಜಾಗ ಮಾಡಿಕೊಟ್ಟ. ಅಲ್ಲಿ ಕುರ್ಚಿ ಹಿಡಿಯದೆ ಹೋದಾಗ ನಮ್ಮವರು ಸಾಹೇಬರ ಕಾಲ ಬಳಿ ನೆಲದ ಮೇಲೆ ಕೂತರು.

ನನ್ನ ದನಿ ಬಂತು. ಪರದೆಯ ಮೇಲೆ ನನ್ನ ಗಿರಣಿಯ ಮೂಲೆ, ಖಾಲಿ ಜಾಗ. “ಊರಿಂದ ಬರುವಾಗ ಒಂದು ಚೀಲ ಜೋಳ ತಂದಿದ್ದೆ,” ಅನ್ನುತ್ತಿದ್ದೆ ನಾನು. “ನಮ್ಮ ಹೊಲದ ಕೊನೀ ಬೆಳಿ. ಬೀಸಿದ್ರ ಮುಗೀತದ ಅಂತ ಮೂರು ವರ್ಷ ಈ ಮೂಲ್ಯಾಗ ಇಟ್ಟೆ. ನನ್ನ ಗಂಡ ಹಾಸಗಿ ಹಿಡದಾಗ, ಆ ಜೋಳದ್ದು ಒಂದು ರೊಟ್ಟಿ ಮಾಡಿಕೊಡು ಅಂದ. ನಾಳೆ ಮಾಡ್ತೀನಿ ಅಂದೆ. ಅಂವ ಹೋದ ಮ್ಯಾಲೆ ಚೀಲ ಬಿಚ್ಚಿದೆ, ನುಸಿ ಹಿಡದು ಪುಡಿ ಆಗಿತ್ತು. ಊರಿಗೆಲ್ಲ ಬೀಸಿಕೊಟ್ಟಾಕಿ, ಅವಗ ಒಂದು ರೊಟ್ಟಿ ಮಾಡಿಕೊಡಲಿಲ್ಲ.”

ನನ್ನ ಕಾಲು ತಾವಾಗಿಯೇ ಎದ್ದವು. ಮೇಜು ಸುತ್ತಿ ಹೋಗಿ ನೆಲದ ಮೇಲೆ ಕೂತೆ. ಯಾರೂ ನನ್ನ ಮುಖ ನೋಡಲಿಲ್ಲ. ಇಡೀ ಸಭೆ ನನ್ನ ಗಿರಣಿಯ ಆ ಖಾಲಿ ಮೂಲೆಯನ್ನು ನನ್ನ ಜೊತೆ ನೋಡುತ್ತಿತ್ತು, ಸಾಹೇಬರೂ. ಎಂಟು ವರ್ಷದಲ್ಲಿ ಆ ಮೂಲೆಯನ್ನು ನಾನೊಬ್ಬಳೇ ನೋಡದಿದ್ದುದು ಅದೇ ಮೊದಲು. ಆ ಹೊತ್ತಿನಲ್ಲಿ ನನಗೆ ಹಕ್ಕುಪತ್ರವೂ ಮರೆತಿತ್ತು, ಕಟ್ಟಡವೂ ಮರೆತಿತ್ತು. ಕ್ಯಾಮೆರಾ ತಂದು ಕೈಗೆ ಕೊಟ್ಟ ಮೇಷ್ಟ್ರನ್ನೂ ಹಿಟ್ಟು ಒರೆಸಿದ ಆ ಹುಡುಗಿಯನ್ನೂ ದೇವರು ನೂರು ಕಾಲ ಇಡಲಿ ಅನ್ನಿಸಿತು.

ಸಿನಿಮಾದ ಕೊನೆಗೆ ವಿಮಾನವೊಂದು ಗುಡ್ಡದ ಆಚೆ ಇಳಿಯಿತು, ‘ಆಯಿಯ ಶೇಂಗಾ ಹೊಲದಾಗ ಇಳೀತು’ ಅಂತ ಒಂದು ದನಿ ಬಂತು. ಪರದೆ ಬೆಳ್ಳಗಾಯಿತು. ಮೇಜಿನ ಈಚೆ ನಮ್ಮವರು ಒಬ್ಬರೂ ಉಳಿದಿರಲಿಲ್ಲ, ದನಿ ಬಾರದವರೂ ಸೇರಿ ಎಲ್ಲರೂ ಒಂದೇ ಬದಿಗಿದ್ದೆವು. ಸಾಹೇಬರು ಖಾಲಿ ಪರದೆಯನ್ನು ನೋಡುತ್ತಲೇ ಕೇಳಿದರು.

“ಮಧ್ಯಾಹ್ನ ಎರಡು ಗಂಟೇದು ಎಲ್ಲಿ ಇಳೀತದ?”

“ಮಾರುತಿ ಗುಡಿ ಹಿಂದಿನ ಬಯಲಾಗ್ರಿ,” ಅಂದ ಯಮನಪ್ಪ.

“ಹೋದ ತಿಂಗಳ ನಾ ಅದರಾಗ ಬಂದೆ.”

“ಹಂಗಾರ ನಮ್ಮ ಊರಿಗೇ ಬಂದಿದ್ರಿ,” ಅಂದಳು ದುಂಡವ್ವಾಯಿ. “ಉಂಡು ಹೋಗಬೇಕಿತ್ತು.”

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಯಾರೂ ಅವರ ಮುಖ ನೋಡಲಿಲ್ಲ, ಆ ಮರ್ಯಾದೆ ಅವರಿಗೂ ಸಲ್ಲಬೇಕು. ಆಮೇಲೆ ಗುಮಾಸ್ತನಿಗೆ ಹೇಳಿದರು, “ಹೇಳಿಕಿ ಅದ ಅಂತ ಬರಿ. ರಸ್ತಾ ಇನ್ನೂ ಕಾಗದದ ಮ್ಯಾಲ ಅದ, ಅದನ್ನ ಸರಸಬಹುದು.”

ಎರಡು ತಿಂಗಳ ಮೇಲೆ ಹಕ್ಕುಪತ್ರಗಳು ಬಂದವು. ಸಾಹೇಬರು ತಾವೇ ಪ್ಲಾಟಿಗೆ ಬಂದು ಹಂಚಿದರು. ದುಂಡವ್ವಾಯಿಯ ಮನೆ ಮುಂದಿನ ಸಾಲಿನದು, ಅವಳ ಪತ್ರವನ್ನು ಓದಿ ಹೇಳಲು ರುಕ್ಸಾನಾಳನ್ನು ಕರೆದೆವು. ಅವಳು ಕಟ್ಟೆಯ ಮೇಲೆ ಆಯಿಯ ಪಕ್ಕ ಕೂತು ಚಕ್ಕುಬಂದಿ ಓದಿದಳು, ಮನೆಯ ಸುತ್ತ ನಾಲ್ಕು ದಿಕ್ಕಿಗೆ ಏನೇನಿದೆ ಎಂಬುದನ್ನು. ಉತ್ತರಕ್ಕೆ ಯಮನಪ್ಪನ ಮನೆ. ದಕ್ಷಿಣಕ್ಕೆ ಶಾವಂತ್ರೆವ್ವನ ಗಿರಣಿ. ಪಶ್ಚಿಮಕ್ಕೆ ಎರಡನೆಯ ಸಾಲು. ಅಷ್ಟಕ್ಕೇ ಓದು ನಿಲ್ಲಿಸಿದಳು.

“ಪೂರ್ವಕ್ಕ?” ಅಂದಳು ಆಯಿ.

“ಖಾಲಿ ಬಿಟ್ಟಾರ್ರಿ ಆಯಿ.”

ನಾನು ಬಗ್ಗಿ ನೋಡಿದೆ. ನಿಜಕ್ಕೂ ಖಾಲಿ ಇತ್ತು. ಕಚೇರಿಯ ಕಾಗದದಲ್ಲಿ ಖಾಲಿ ಜಾಗ ಬಿಡುವುದಿಲ್ಲ, ಮುಂದೆ ಯಾರಾದರೂ ಏನಾದರೂ ತುಂಬಿಯಾರು ಅಂತ ಗೆರೆ ಹೊಡೆಯುತ್ತಾರೆ. ಇಲ್ಲಿ ಗೆರೆ ಇರಲಿಲ್ಲ. ಖಾಲಿ ಜಾಗದ ಎರಡೂ ತುದಿಗೆ ಸಾಹೇಬರು ಸಣ್ಣದಾಗಿ ಸಹಿ ಹಾಕಿದ್ದರು, ಇದನ್ನು ಯಾರೂ ತುಂಬಬಾರದು ಅಂತ.

“ಏನೂ ಬರದಿಲ್ಲೇನು?” ಅಂತ ಆಯಿ ಮತ್ತೊಮ್ಮೆ ಕೇಳಿದಳು.

“ಏನೂ ಇಲ್ರಿ.”

“ಚಲೋ ಆತು,” ಅಂದಳು ದುಂಡವ್ವಾಯಿ. “ಹಂಗಾರ ನಡೀಬಹುದು.”